ದೇವರ ಜಗಲಿ ಮೇಲಿನ ರಿಪೋರ್ಟು

ಹೆಂಗಸರ ಎದೆಯ ಎಕ್ಸ್‌ರೇ ತೆಗೆಯುವ ಬಸ್ಸಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನನ್ನ ಗಂಡನ ಮನೆಯವರು ಇವತ್ತಿಗೂ ಕೇಳುತ್ತಾರೆ. ಇರುತ್ತದೆ. ವಾರಕ್ಕೆ ಒಂದಾದರೂ ಇರುತ್ತದೆ, ಬೇಡವೆಂದರೂ ಬಸ್ಸಿನ ಮೆಟ್ಟಿಲು ಹತ್ತಿ ಒಳಗೆ ಬರುತ್ತದೆ. ನಾನು ಆ ಬಸ್ಸಿನ ಟೆಕ್ನಿಷಿಯನ್. ಹಾವೇರಿಯಿಂದ ಹೊರಟು ರಾಣೆಬೆನ್ನೂರು, ಬ್ಯಾಡಗಿ ಎಂದು ಊರೂರು ತಿರುಗಿ, ನಲವತ್ತು ದಾಟಿದ ಹೆಂಗಸರ ಸ್ತನಗಳನ್ನು ಎರಡು ಹಲಗೆಗಳ ನಡುವೆ ಒತ್ತಿ ಚಿತ್ರ ತೆಗೆಯುವುದು ನನ್ನ ಕೆಲಸ. ಮ್ಯಾಮೊಗ್ರಾಂ ಎನ್ನುತ್ತಾರೆ. ಕೈಗೆ ಸಿಗದಷ್ಟು ಸಣ್ಣ ಗಂಟು ಕೂಡ ಅದರಲ್ಲಿ ಕಾಣುತ್ತದೆ. ಕೆಲವು ಸಲ ಕಾಣುವುದಿಲ್ಲ. ಈ ಎರಡನೆಯ ಮಾತನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಇಲ್ಲಿ ಬರೆದಿರುವುದೆಲ್ಲ ಬ್ಯಾಡಗಿಯ ಒಂದೇ ಗುಂಪಿನ ಕತೆ. ಮಾರುಕಟ್ಟೆ ಯಾರ್ಡಿನಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ, ಅಂದರೆ ತೊಟ್ಟು ಮುರಿದು ಹಾಕುವ ಹೆಂಗಸರು ಅವರು. ಅವರ ಮುಂದಾಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಕ್ಕನಿಗೆ ನಾನು ಒಮ್ಮೆ ಹೇಳಿದ ಎರಡು ಶಬ್ದ ಆಕೆಯ ಜೀವಕ್ಕೇ ಬಂತು. ನಗಿಸಿ ನಗಿಸಿ ಕೊನೆಗೆ ಹೇಳಿದರೆ ಮೋಸ ಮಾಡಿದಂತಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಫೋಟೋಕ್ಕೆ ತಯಾರಾಗಿ

ನಮ್ಮ ಬಸ್ಸು ಬ್ಯಾಡಗಿಗೆ ಮೊದಲ ಸಲ ಹೋದಾಗ ಎರಡು ವಾರ ನಿಂತಿತ್ತು. ಮೊದಲ ಎರಡು ದಿನ ಒಂದು ನರಪಿಳ್ಳೆಯೂ ಹತ್ತಲಿಲ್ಲ. ಮೂರನೆಯ ದಿನ ಅಕ್ಕ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಬಸ್ಸನ್ನು ಒಂದು ಸುತ್ತು ಹಾಕಿ, "ಒಳಗ ಏನು ಮಾಡ್ತೀರಿ ಬಾಯಾರ?" ಎಂದು ಕೇಳಿದಳು. ಆ ಕಡೆ ನರ್ಸು, ಟೀಚರು ಎಲ್ಲರೂ 'ಬಾಯಾರು'. ಹೆದರಿಸಬಾರದೆಂದು ನಾನು, "ಏನಿಲ್ಲ ಅಕ್ಕ, ಒಂದು ಫೋಟೋ ತಗೀತೇವಿ" ಎಂದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮದುವೆ ದಿಬ್ಬಣ ಬಂದಂತಿತ್ತು. ಇಪ್ಪತ್ತು ಮೂವತ್ತು ಜನ ಹೆಂಗಸರು, ಎಲ್ಲರೂ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮುಖಕ್ಕೆ ಪೌಡರು ಬಡಿದುಕೊಂಡು ಸಾಲಾಗಿ ನಿಂತಿದ್ದರು. ನಮ್ಮ ಕೆಲಸಕ್ಕೆ ಪೌಡರೆಂದರೆ ಶತ್ರು. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕಿಯಾಗಿ ಕಂಡು, ನೋಡುವ ಡಾಕ್ಟರಿಗೆ ಇಲ್ಲದ ರೋಗದ ಸಂಶಯ ತರಿಸುತ್ತವೆ.

"ಅಕ್ಕ, ಈ ಫೋಟೋ ಮುಖದ್ದಲ್ಲ" ಎಂದು ಹಣೆ ಹಣೆ ಚಚ್ಚಿಕೊಂಡೆ.

"ನಮಗ ಗೊತ್ತಿಲ್ಲೇನ್ರಿ ಬಾಯಾರ? ಅದಕ್ಕಽ ಅಲ್ಲೂ ಹಚ್ಚಿಕೊಂಡು ಬಂದೇವಿ."

ಒಂದು ಬಕೆಟ್ ನೀರು, ಎರಡು ಟವೆಲ್ಲು. ಅಷ್ಟೂ ಜನರನ್ನು ಒರೆಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಬಿಡು ಅನ್ನಲಿಲ್ಲ

ಮೊದಲು ಯಂತ್ರದ ಮುಂದೆ ನಿಂತವಳು ಅಕ್ಕನೇ. ತಾಳಿ ಬಿಚ್ಚಲು ಒಪ್ಪಲಿಲ್ಲ, ಬೆನ್ನಿನ ಮೇಲೆ ಹಾಕಿಕೊಂಡಳು. ಹಲಗೆ ಒತ್ತಿದಾಗ ಹಲ್ಲು ಕಚ್ಚಿಕೊಂಡಳೇ ಹೊರತು ಅಯ್ಯೋ ಎನ್ನಲಿಲ್ಲ. ಚಿತ್ರ ತೆಗೆಯುವ ಗಳಿಗೆಯಲ್ಲಿ ಮೈ ಅಲ್ಲಾಡಬಾರದು, ಅದಕ್ಕೆ "ಉಸಿರು ಹಿಡೀರಿ ಅಕ್ಕ" ಎಂದೆ. ಹಿಡಿದಳು. ಚಿತ್ರ ಬಂತು, ಹಲಗೆ ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ಕಂಪ್ಯೂಟರು ನಿಂತುಹೋಯಿತು. ನಾನು ಅದರ ವೈರು ಕಿತ್ತು ಹಾಕಿ, ಹಾಕಿ ಕಿತ್ತು, ಅದಕ್ಕೆ ಕೈಮುಗಿಯುವುದೊಂದು ಬಾಕಿ. ತಿರುಗಿ ನೋಡಿದರೆ ಅಕ್ಕ ನಿಂತ ಜಾಗದಲ್ಲೇ ನಿಂತಿದ್ದಾಳೆ, ಕಣ್ಣು ಹೊರಗೆ ಬಂದಿವೆ, ಕೆನ್ನೆ ಉಬ್ಬಿದೆ.

"ಅಯ್ಯೋ ಅಕ್ಕ, ಉಸಿರು ಬಿಡ್ರಿ!"

ಬುಸ್ಸೆಂದು ಬಿಟ್ಟು, ಗೋಡೆ ಹಿಡಿದು ಸುಧಾರಿಸಿಕೊಂಡಳು. "ನೀವು ಹಿಡಿ ಅಂದ್ರಿ, ಬಿಡು ಅನ್ನಲಿಲ್ಲ. ಕ್ಯಾನ್ಸರ್ ನೋಡಿಸಾಕ ಹೋಗಿ ಉಸಿರುಗಟ್ಟಿ ಸತ್ತಳು ಅಂತ ನಮ್ಮ ಮಂದಿ ಊರ ತುಂಬ ಹೇಳಿಕೊಂತ ಅಡ್ಡಾಡತಿದ್ರು!"

ಆಕೆ ಹಾಗೆ. ನಾನು ಹೇಳಿದ್ದನ್ನು ಹೇಳಿದಷ್ಟೇ ಕೇಳುತ್ತಿದ್ದಳು. ಅವತ್ತೇ ನನಗೆ ಅದು ತಲೆಗೆ ಹೋಗಬೇಕಿತ್ತು.

ಜಗಲಿ ಏರಿದ್ದು

ಚಿತ್ರ ನೋಡಿ ರಿಪೋರ್ಟು ಬರೆಯುವವರು ಬೇರೆ ಊರಿನ ಡಾಕ್ಟರು, ನಾನು ಹಂಚುವವಳು. ಒಂದು ವಾರಕ್ಕೆ ಎಲ್ಲವೂ ಬಂದವು. ಗುಂಪಿನಲ್ಲಿ ಇಬ್ಬರನ್ನು ಇನ್ನಷ್ಟು ಪರೀಕ್ಷೆಗೆ ಕರೆದಿದ್ದರು. ಅವರಲ್ಲಿ ಒಬ್ಬಳು ಮಾತು ಕಡಿಮೆಯ ಹೆಂಗಸು. ಆಕೆಗೆ ಹೆಸರುಕಾಳಿನಷ್ಟು ಗಂಟು, ಕೈಗೆ ತಾಗುತ್ತಲೇ ಇರಲಿಲ್ಲ. ಕ್ಯಾನ್ಸರೇ ಆಗಿತ್ತು. ಗಂಟಷ್ಟನ್ನೇ ತೆಗೆದರು, ಎದೆ ಉಳಿಯಿತು, ಚಿಕಿತ್ಸೆ ಮುಗಿಸಿ ಮತ್ತೆ ಯಾರ್ಡಿಗೆ ಬಂದು ಕೂತಳು. ಆಕೆಯ ಕತೆಯಲ್ಲಿ ನಗುವಂಥದ್ದು ಏನೂ ಇಲ್ಲ. ನಮ್ಮ ಬಸ್ಸು ಓಡಾಡುವುದು ಅಂಥವರಿಗಾಗಿಯೇ.

ಅಕ್ಕನ ರಿಪೋರ್ಟಿನಲ್ಲಿ ಸಂಶಯ ಪಡುವಂಥದ್ದು ಕಂಡಿಲ್ಲವೆಂದಿತ್ತು. ಅದರ ಕೆಳಗೆ, ಮುಂದೆ ಏನಾದರೂ ಬದಲಾವಣೆ ಕಂಡರೆ ಕೂಡಲೇ ಡಾಕ್ಟರಿಗೆ ತೋರಿಸಬೇಕು ಎಂದು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಇತ್ತು. ನಾನು ಅದನ್ನು ಓದಿ ಹೇಳಲಿಲ್ಲ. ಹಿಂದೆ ಸಾಲು ಉದ್ದವಿತ್ತು.

"ಏನೂ ಇಲ್ಲ ಅಕ್ಕ, ಆರಾಮ ಇರ್ರಿ" ಎಂದೆ. ಆ ಎರಡು ಶಬ್ದ ಅದೇ, 'ಏನೂ ಇಲ್ಲ'.

ಅಕ್ಕ ಆ ಹಾಳೆಯನ್ನು ಸೀದಾ ಒಯ್ದು ಲ್ಯಾಮಿನೇಟ್ ಮಾಡಿಸಿದಳು. ಮನೆಯ ದೇವರ ಜಗಲಿಯ ಮೇಲೆ, ದೇವರಗುಡ್ಡದಿಂದ ತಂದ ಮೈಲಾರಲಿಂಗನ ಪಟದ ಪಕ್ಕದಲ್ಲಿ ಇಟ್ಟಳು. ನನ್ನನ್ನು ಚಹಾಕ್ಕೆ ಕರೆದು ತೋರಿಸಿದಳು. ನನ್ನ ರಿಪೋರ್ಟಿಗೆ ಭಂಡಾರದ ಅರಿಸಿನ ಹಚ್ಚಿತ್ತು, ಒಂದು ಹೂವೂ ಏರಿತ್ತು. ನನಗೆ ನಗು ಬಂತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

"ಅಲ್ಲ ಅಕ್ಕ, ಹಾಳಿಗೆ ಯಾರರ ಪೂಜಿ ಮಾಡ್ತಾರೇನು?"

"ದೇವರಿಗೆ ಇಷ್ಟು ವರ್ಷ ಕೈಮುಗದೇನಿ ಬಾಯಾರ, ಒಮ್ಮೆರ ಬರದು ಕೊಟ್ಟಿಲ್ಲ. ನೀವು ಬರದು ಕೊಟ್ಟೀರಿ."

ಅತ್ತೆಗೂ ಒಂದು

ಜಗಲಿಯ ಮೇಲೆ ಸೊಸೆಯ ಚೀಟಿ ಕೂತಿದ್ದನ್ನು ಅಕ್ಕನ ಅತ್ತೆ ಸಹಿಸಲಿಲ್ಲ. ಎಂಬತ್ತು ದಾಟಿದ ಮುದುಕಿ, ಮರುದಿನ ಕೋಲೂರಿಕೊಂಡು ಬಸ್ಸಿಗೆ ಬಂದು ಬೆಂಚಿನ ಮೇಲೆ ಕೂತೇಬಿಟ್ಟಿತು. ಬಸ್ಸಿನ ಡಾಕ್ಟರು ಎಳೆಯ ಹುಡುಗಿ, ಬಹಳ ನಯವಾಗಿ, "ನಿಮಗ ಬ್ಯಾಡ ಅಜ್ಜಿ" ಎಂದಳು.

"ಯಾಕ? ನನಗಿಲ್ಲೇನು?"

"ಹಂಗಲ್ಲಜ್ಜಿ. ಈ ವಯಸ್ಸಿನ್ಯಾಗ ಏನರ ಸಿಕ್ಕರೂ ಅದು ಸಾವಕಾಶ ಬೆಳಿಯೂ ಜಾತಿದ ಇರಬಹುದು. ಅದರಿಂದ ನಿಮಗ ತೊಂದರಿ ಆಗೂದಕಿಂತ ಆಪರೇಷನ್ನು, ಔಷಧದಿಂದನಽ ಜಾಸ್ತಿ ತ್ರಾಸ ಆಗತೈತಿ. ಹುಡುಕದ ಇರೂದಽ ಚಲೋ."

ಮುದುಕಿ ಸ್ವಲ್ಪ ಹೊತ್ತು ಲೆಕ್ಕ ಹಾಕಿತು. "ಅಂದ್ರ ಅದು ಬೆಳದು ದೊಡ್ಡದಾಗೂದ್ರೊಳಗ ನಾನಽ ಹೊಕ್ಕೇನಿ ಅಂತ."

ಡಾಕ್ಟರ ಮುಖ ಕೆಂಪಾಯಿತು. ನಾನು ಯಂತ್ರ ಒರೆಸುವ ನೆಪದಲ್ಲಿ ತಿರುಗಿ ನಿಂತೆ.

"ಇರ್ಲಿ ಬಿಡವ್ವ, ಖರೇ ಹೇಳಿದಿ. ಅದನ್ನಽ ಒಂದು ಹಾಳಿ ಮ್ಯಾಲ ಬರದು ಕೊಡು. ಸೊಸಿದಷ್ಟಽ ಜಗಲಿ ಮ್ಯಾಲ ಕುಂತರ ಅತ್ತಿ ಮಾನ ಏನಾತು?"

ಡಾಕ್ಟರು 'ತಪಾಸಣೆಯ ಅಗತ್ಯವಿಲ್ಲ' ಎಂದು ಬರೆದು ಸಹಿ ಹಾಕಿ ಕೊಟ್ಟಳು. ಅದೂ ಲ್ಯಾಮಿನೇಟ್ ಆಗಿ, ಮೈಲಾರಲಿಂಗನ ಇನ್ನೊಂದು ಪಕ್ಕದಲ್ಲಿ ಕೂತಿತು. ಆ ಎರಡು ಚೀಟಿಗಳಲ್ಲಿ ಕೊನೆಗೆ ಮಾತು ಉಳಿಸಿಕೊಂಡದ್ದು ಅತ್ತೆಯದೇ.

ಗುಂಟೂರು ಕಾಯಿ

ಬಸ್ಸು ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ ಒಂದು ಪಾಠ ಹೇಳಿದೆ. ತಮ್ಮ ಎದೆಯ ಪರಿಚಯ ತಮಗಿರಬೇಕು, ಆಗಾಗ ಬೆರಳಿಂದ ಒತ್ತಿ ನೋಡಿಕೊಳ್ಳಿ, ಹೊಸದಾಗಿ ಏನಾದರೂ ತಾಗಿದರೆ ಬನ್ನಿ ಎಂದೆ. ಈ ಮಾತನ್ನು ಅಕ್ಕನಿಗೂ ಹೇಳಿದ ಹಾಗಾಯಿತು ಎಂದುಕೊಂಡಿದ್ದೆ. ಹೇಗೆ ಒತ್ತಬೇಕು ಎಂದು ತೋರಿಸಿದೆ, ಎಲ್ಲೆಲ್ಲಿ ಎಂದು ತೋರಿಸಿದೆ. ಕೈ ತೊಳೆದುಕೊಂಡು ಎನ್ನುವುದು ಮಾತ್ರ ಬಿಟ್ಟುಹೋಯಿತು.

ಮರುದಿನ ಸಂಜೆ ಅಕ್ಕನ ಫೋನು. ಹಿಂದಿನಿಂದ ಹತ್ತು ದನಿಯಲ್ಲಿ "ಯವ್ವಾ, ಯಪ್ಪಾ" ಕೇಳುತ್ತಿತ್ತು.

"ಬಾಯಾರ, ಲಗೂ ಏನರ ಹೇಳ್ರಿ, ಬೆಂಕಿ ಹತ್ತೇತಿ."

ಮನೆಯಲ್ಲಿ ಪುರುಸೊತ್ತು ಸಿಗುವುದಿಲ್ಲವೆಂದು, ಕೆಲಸ ಮುಗಿದ ಕೂಡಲೇ ಚೀಲದ ಒಟ್ಟಿಲಿನ ಮರೆಯಲ್ಲಿ ಹನ್ನೊಂದು ಜನ ಒಟ್ಟಿಗೆ ಪಾಠ ಮಾಡಿದ್ದರು. ಇಡೀ ದಿನ ಮೆಣಸಿನಕಾಯಿ ಮುರಿದ ಕೈ! ನಾನು ಮಜ್ಜಿಗೆ ಹಚ್ಚಿಕೊಳ್ಳಿ, ಸೋಪು ಹಾಕಿ ತೊಳೆದುಕೊಳ್ಳಿ ಎಂದು ಒಂದೇ ಉಸಿರಿಗೆ ಹೇಳಿದೆ. "ನಿಮಗ ದಿನಾ ರೂಢಿ ಇರತೈತಲ್ಲ ಅಕ್ಕ, ಅಷ್ಟೂ ಗೊತ್ತಾಗಲಿಲ್ಲೇನು?"

"ನಮ್ಮ ಬ್ಯಾಡಗಿ ಕಡ್ಡಿ ಕಾಯಿ ಆಗಿದ್ರ ಬಣ್ಣ ಹತ್ತಿ ಸುಮ್ನಾಕ್ಕಿತ್ರಿ. ಈ ವಾರ ಗುಂಟೂರಿಂದು, ಉರಿ ಖಾರಂದು ಬಂದೈತಿ!"

ಅಲ್ಲಿಗೆ ಆ ಪಾಠ ಯಾರ್ಡಿನಲ್ಲಿ ಮುಗಿಯಿತು. ಅಕ್ಕನಂತೂ ನಿಲ್ಲಿಸಿಯೇಬಿಟ್ಟಳು. ಆಕೆಗೆ ಹೇಗೂ ಜಗಲಿಯ ಮೇಲೆ ಚೀಟಿ ಇತ್ತಲ್ಲ.

ಹಂಚಿದ ಸೀರೆಗಳು

ಮತ್ತೆ ಪರೀಕ್ಷೆಗೆ ಕರೆದ ಇಬ್ಬರಲ್ಲಿ ಎರಡನೆಯವಳು ರಾಣೆಬೆನ್ನೂರಿನಿಂದ ಬೆಳಗಿನ ರೈಲಿಗೆ ಬಂದು ಹೋಗುವವಳು. ಚಿತ್ರದಲ್ಲಿ ಒಂದು ನೆರಳು ಇತ್ತು. ಹಾವೇರಿಗೆ ಕರೆಸಿ ಸೂಜಿ ಹಾಕಿ ಸ್ಯಾಂಪಲ್ಲು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಎರಡು ವಾರ. ಆ ಎರಡು ವಾರ ಅವಳು ಉಣ್ಣಲಿಲ್ಲ, ಮಲಗಲಿಲ್ಲ. ಸಾಯುವುದು ಖಾತ್ರಿಯೆಂದು ತಾನೇ ತೀರ್ಮಾನ ಮಾಡಿ, ತನ್ನ ಸೀರೆಗಳನ್ನೆಲ್ಲ ಹೊರಗೆ ತೆಗೆದು ನಾದಿನಿಗೆ ಎರಡು, ನೆಗೆಣ್ಣಿಗೆ, ಅಂದರೆ ಓರಗಿತ್ತಿಗೆ, ಮೂರು ಎಂದು ಹಂಚಿಬಿಟ್ಟಳು. ಅಳುತ್ತ ಕೊಟ್ಟಳು, ಅವರೂ ಅಳುತ್ತ ತೆಗೆದುಕೊಂಡರು.

ಉತ್ತರ ಬಂತು. ಬರೀ ನೀರಿನ ಗುಳ್ಳೆ, ಏನೂ ಅಪಾಯವಿಲ್ಲ. ಅವಳು ರಿಪೋರ್ಟು ಕೈಯಲ್ಲಿ ಹಿಡಿದೇ ನೆಗೆಣ್ಣಿಯ ಮನೆಗೆ ಹೋದಳಂತೆ. ಅಲ್ಲಿ ಇಳಕಲ್ ಸೀರೆಗೆ ಆಗಲೇ ಜಂಪರ್ ಹೊಲಿಸಿ ಆಗಿತ್ತು.

ನೆಗೆಣ್ಣಿ ಸೆರಗು ಬಿಗಿಯಾಗಿ ಹಿಡಿದುಕೊಂಡು, "ಸಾಯ್ತೀನಿ ಅಂತ ಕೊಟ್ಟಿ, ಬದುಕೀನಿ ಅಂತ ತಿರಗಿ ಕೇಳಿದ್ರ ಹೆಂಗವ್ವಾ? ಮಾತಿಗೆ ಒಂದು ನಿಲುವು ಬ್ಯಾಡೇನು?" ಎಂದಳಂತೆ.

ಇದನ್ನು ನನಗೆ ಅವಳೇ ಹೇಳಿದ್ದು, ನಗುತ್ತಲೇ ಹೇಳಿದ್ದು. ಆದರೆ ಆ ಎರಡು ವಾರದಲ್ಲಿ ಬಾಡಿದ್ದ ಅವಳ ಮುಖ ಇನ್ನೂ ಚೇತರಿಸಿಕೊಂಡಿರಲಿಲ್ಲ. ಇಲ್ಲದ ರೋಗದ ಹೆದರಿಕೆಯನ್ನು ಕೊಟ್ಟವರು ನಾವು, ವಾಪಸು ತೆಗೆದುಕೊಳ್ಳಲು ನಮಗೆ ಬರಲಿಲ್ಲ. ಮುಂದಿನ ಸಲ ಬಾ ಎಂದೆ.

"ಬರೂದಿಲ್ರಿ. ಇನ್ನ ಹಂಚಾಕ ಸೀರಿ ಉಳದಿಲ್ಲ."

ವಾಪಸು ಬಂದದ್ದು

ಬಸ್ಸು ಮತ್ತೆ ಬ್ಯಾಡಗಿಗೆ ಹೋಗುವ ಹೊತ್ತಿಗೆ ಒಂದೂವರೆ ವರ್ಷವಾಗಿತ್ತು. ಮೊದಲ ದಿನವೇ ಅಕ್ಕನ ಅತ್ತೆ ಬಂತು. ಒಂದು ಕೈಯಲ್ಲಿ ಕೋಲು, ಕಂಕುಳಲ್ಲಿ ಆ ಲ್ಯಾಮಿನೇಟ್ ಮಾಡಿಸಿದ ರಿಪೋರ್ಟು, ಹಿಂದೆ ತಲೆತಗ್ಗಿಸಿಕೊಂಡ ಅಕ್ಕ. ಮುದುಕಿ ಆ ಹಾಳೆಯನ್ನು ನನ್ನ ಮೇಜಿನ ಮೇಲೆ ಟಪ್ಪೆಂದು ಬಡಿಯಿತು. ಭಂಡಾರ ಮೇಜಿನ ತುಂಬ ಚೆಲ್ಲಿತು.

"ತಗೋ ನಿನ್ನ ದೇವರ್ನ!"

ಹಬ್ಬಕ್ಕೆ ಸೊಸೆಗೆ ಎಣ್ಣೆ ಹಚ್ಚಿ ನೀರು ಎರೆಯುವಾಗ ಮುದುಕಿಯ ಕೈಗೆ ಕಂಕುಳ ಹತ್ತಿರ ಗಂಟು ತಾಗಿತ್ತು. ಇದೇನು ಎಂದರೆ ಅಕ್ಕ, ಅದು ನಾಲ್ಕು ತಿಂಗಳಿಂದ ಐತಿ, ಏನೂ ಅಲ್ಲ, ಬೇಕಾದರ ಜಗಲಿ ಮ್ಯಾಲ ನೋಡು ಎಂದಳಂತೆ.

ನಾನು ಗಂಟು ಮುಟ್ಟಿ ನೋಡಿದೆ. "ನಾಕು ತಿಂಗಳು ಯಾಕ ಸುಮ್ನ ಕುಂತ್ರಿ ಅಕ್ಕ?" ಎಂದು ಕೇಳಿದೆ. ಕೇಳಬಾರದಿತ್ತು.

"ನೀವಽ ಹೇಳಿದ್ರೆಲ್ಲ ಬಾಯಾರ, ಏನೂ ಇಲ್ಲ, ಆರಾಮ ಇರು ಅಂತ. ಆರಾಮ ಇದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಹಳೆಯ ಚಿತ್ರವನ್ನು ಕಡತದಿಂದ ಹುಡುಕಿಸಿ ದೊಡ್ಡ ಡಾಕ್ಟರಿಗೆ ಕಳಿಸಿದೆ. ಈಗ ನೋಡಿದರೂ ಅದರಲ್ಲಿ ಏನೂ ಕಾಣುವುದಿಲ್ಲ, ಆಗ ಇರಲೇ ಇಲ್ಲವೋ, ಇದ್ದೂ ಕಾಣಲಿಲ್ಲವೋ ಹೇಳಲಾರೆ ಎಂದರು. ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಎಂದು ಕೇಳಿದೆ. ಅವರು ಅದನ್ನು ಬಿಟ್ಟು, ಮೊದಲು ಹುಬ್ಬಳ್ಳಿಗೆ ಕಳಿಸಿರಿ ಎಂದರು. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ಅಕ್ಕ ಆ ಹಾಳೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. "ಮಿಕ್ಸರಿಗೂ ಎರಡು ವರ್ಷ ಗ್ಯಾರಂಟಿ ಬರೀತಾರಲ್ರಿ. ಇದರ ಗ್ಯಾರಂಟಿ ಎಷ್ಟು ದಿನದ್ದಿತ್ತು?"

"ಆವತ್ತಿನದಷ್ಟಽ ಅಕ್ಕ."

"ಹಂಗಂತ ಹೇಳಬೇಕಿತ್ತಲ್ರಿ? ಸುಮ್ನ ಲ್ಯಾಮಿನೇಟ್ ಮಾಡಿಸಿದೆ."

ಉಸಿರು

ಕ್ಯಾನ್ಸರೇ ಎಂದು ಪರೀಕ್ಷೆಯಲ್ಲಿ ಗೊತ್ತಾಗಿ, ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಎಡಗಡೆಯದನ್ನು ಪೂರ್ತಿ ತೆಗೆದರು. ನೋಡಲು ಹೋದಾಗ ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನಾನು ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದೆ. ಆಕೆಯೇ, "ಇಷ್ಟು ವರ್ಷ ನಾ ತುಂಬು ಬಿಡಿಸಿದೆ, ಈಗ ನಂದಽ ಬಿಡಿಸಿದ್ರು ನೋಡ್ರಿ" ಎಂದು ನಕ್ಕಳು. ನಾನು ಹೊರಗೆ ಹೋಗಿ ಅತ್ತು ಬಂದೆ. ಆಮೇಲೆ ಔಷಧದ ಸೂಜಿಗಳು, ಕೂದಲು ಉದುರಿದ್ದು, ವಾಂತಿ. ಗುಣವಾಯಿತು ಎಂದು ಡಾಕ್ಟರು ಇನ್ನೂ ಹೇಳಿಲ್ಲ. ಇನ್ನು ಕೆಲವು ವರ್ಷ ಕಾಯಬೇಕು ಎಂದಿದ್ದಾರೆ. ಪ್ರತಿ ವರ್ಷ ಉಳಿದದ್ದರ ಚಿತ್ರ ತೆಗೆಸಬೇಕು ಎಂದೂ ಹೇಳಿದ್ದಾರೆ.

ಈ ಸಲದ ಚಳಿಗಾಲದಲ್ಲಿ ನಮ್ಮ ಬಸ್ಸು ಮೂರನೆಯ ಸಲ ಬ್ಯಾಡಗಿಗೆ ಹೋಯಿತು. ಅಕ್ಕ ಗುಂಪನ್ನು ಕರೆದುಕೊಂಡು ಬಂದಿದ್ದಳು. ತಲೆಯಲ್ಲಿ ಗೇಣುದ್ದ ಹೊಸ ಕೂದಲು, ಕೈಯಲ್ಲಿ ಅದೇ ಲ್ಯಾಮಿನೇಟ್ ಹಾಳೆ. ಮುದುಕಿ ಜಗಲಿಯಿಂದ ಇಳಿಸಿದ ಮೇಲೆ ಅದು ರೊಟ್ಟಿ ಬುಟ್ಟಿಗೆ ಮುಚ್ಚಳವಾಗಿತ್ತಂತೆ. ಬೆಂಚಿನ ತುದಿಯಲ್ಲಿ ಸೀರೆ ಹಂಚಿದ ರಾಣೆಬೆನ್ನೂರಿನವಳೂ ಇದ್ದಳು, ಅಕ್ಕ ಎಳೆದು ತಂದದ್ದು. ಅವಳು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಐತಿ ಅಂತ ನನ್ನ ಹೆದರಿಸಿದ್ರು, ನನಗ ಏನೂ ಇದ್ದಿಲ್ಲ. ಏನೂ ಇಲ್ಲ ಅಂತ ಅಕ್ಕಗ ಹೇಳಿದ್ರು, ಆಕಿಗೆ ಬಂತು. ಹಂತಾದ್ರಾಗ ಈ ಬಸ್ಸು ಯಾಕ ಬೇಕ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲವೆಂದಲ್ಲ, ಹೇಳುವ ಮುಖ ಇರಲಿಲ್ಲ. ಅಕ್ಕ ಮಾತಾಡಿದಳು.

"ದಲಾಲಿ ಚೀಲಕ್ಕ ಕೈಹಾಕಿ ಒಂದು ಹಿಡಿ ಕಾಯಿ ತಗದು ನೋಡಿ ಚಲೋ ಐತಿ ಅಂತಾನ. ಆವತ್ತು ಚಲೋನಽ ಇರತೈತಿ. ಒಮ್ಮೊಮ್ಮಿ ತಳದಾಗಿಂದು ಕೈಗೆ ಹತ್ತೂದಿಲ್ಲ, ಒಮ್ಮೊಮ್ಮಿ ಆಮ್ಯಾಲ ಹಸಿ ಹತ್ತಿ ಕೆಡತೈತಿ. ಹಂಗಂತ ಚೀಲ ಬಿಚ್ಚಿ ನೋಡೂದ ಬಿಟ್ಟಾರೇನು? ಮತ್ತ ಮತ್ತ ನೋಡ್ತಾರ. ವಾಸನಿ ಬಂದ್ರ ನಡುವನೂ ನೋಡ್ತಾರ. ನಾ ಈ ಹಾಳಿ ನಂಬಿ ಚೀಲ ಬಿಚ್ಚಲಿಲ್ಲ." ಮೂಲೆಯಲ್ಲಿ ಕೂತಿದ್ದ ಮಾತು ಕಡಿಮೆಯ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು, "ಇಕಿಗೆ ಕಾಳಿನಷ್ಟಿದ್ದಾಗ ಸಿಕ್ಕತು. ಎರಡೂ ಅದಾವ ನೋಡ್ರಿ" ಎಂದಳು. ಮಾತು ಕಡಿಮೆಯವಳು ಗಾಬರಿಯಿಂದ ಸೆರಗು ಎಳೆದುಕೊಂಡಳು. ಎಲ್ಲರೂ ನಕ್ಕರು.

ಈಗ ನಾನು ಯಾರಿಗೂ ಆ ಎರಡು ಶಬ್ದ ಹೇಳುವುದಿಲ್ಲ. 'ಇವತ್ತಿನ ಚಿತ್ರದಾಗ ಏನೂ ಕಂಡಿಲ್ಲ, ನಾಳೆ ಏನರ ಕೈಗೆ ತಾಗಿದ್ರ ಈ ಹಾಳಿ ಒಗದು ಲಗೂ ದವಾಖಾನಿಗೆ ಬರ್ರಿ' ಎಂದು ಪೂರ್ತಿ ಹೇಳುತ್ತೇನೆ, ಸಾಲು ಎಷ್ಟೇ ಉದ್ದವಿರಲಿ. ಯಾರ್ಡಿನ ಹೆಂಗಸರು ನನ್ನನ್ನು ಕಂಡರೆ ಅದನ್ನು ಒಪ್ಪಿಸಿ ಅಣಕಿಸುತ್ತಾರೆ.

ಮೊದಲು ಅಕ್ಕನೇ ಒಳಗೆ ಬಂದಳು, ರಾಣೆಬೆನ್ನೂರಿನವಳ ಕೈ ಹಿಡಿದುಕೊಂಡೇ. "ಎಲ್ಲಾರಿಗೂ ನಾಕು ಚಿತ್ರ ತಗೀತೀರಿ, ನನಗ ಎರಡಽ ಸಾಕು. ಉಳಿದ ಹೊತ್ತಿನ್ಯಾಗ ಇಕಿದು ಮುಗಸ್ರಿ, ಓಡಿ ಹೊಕ್ಕಾಳ."

ಹಲಗೆ ಇಳಿಸಿದೆ. "ಉಸಿರು ಹಿಡೀರಿ ಅಕ್ಕ" ಎಂದೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಚಿತ್ರ ಮೆಲ್ಲಗೆ ಮೂಡಿತು. ಅದನ್ನು ಓದುವುದು ನನ್ನ ಕೆಲಸವಲ್ಲ, ಓದಲು ನನಗೆ ಬರುವುದೂ ಇಲ್ಲ. ಆದರೂ ಮೇಲಿಂದ ಕೆಳಗೆ, ಆ ಮೂಲೆಯಿಂದ ಈ ಮೂಲೆಗೆ ಹುಡುಕಿದೆ. ಇರಬಾರದು ದೇವರೇ, ಇದರಲ್ಲಾದರೂ ಇರಬಾರದು ಎಂದು ಹುಡುಕಿದೆ. ಹಲಗೆ ಯಾವಾಗ ಮೇಲೆದ್ದಿತೋ, ಅಕ್ಕ ಯಾವಾಗ ಸೆರಗು ಹೊದ್ದು ನನ್ನ ಪಕ್ಕಕ್ಕೆ ಬಂದು ನಿಂತಳೋ ತಿಳಿಯಲಿಲ್ಲ. ಹೆಗಲ ಮೇಲೆ ಅವಳ ಕೈ ಬಿತ್ತು.

"ಈ ಸಲ ನಾ ನಿಮ್ಮ ದಾರಿ ಕಾಯಲಿಲ್ಲ ಬಾಯಾರ, ಯಾವಾಗೋ ಬಿಟ್ಟೇನಿ. ಈಗ ನೀವು ಬಿಡ್ರಿ ಉಸಿರು."